ಅಕ್ಷರದಡಿಯ ಸಣ್ಣ ಗುರುತು

2023ರ ಅಕ್ಟೋಬರ್‌ನಲ್ಲಿ ಗೂಗಲ್‌ನಲ್ಲಿ ‘ಕೀಪಾಸ್’ ಎಂದು ಹುಡುಕಿದವರಿಗೆ ಮೇಲ್ಗಡೆಯೇ ಒಂದು ಜಾಹೀರಾತು ಕಾಣಿಸುತ್ತಿತ್ತು. ಕೀಪಾಸ್ ಎಂದರೆ ಪಾಸ್‌ವರ್ಡ್‌ಗಳನ್ನು ಭದ್ರವಾಗಿಡುವ ಉಚಿತ ತಂತ್ರಾಂಶ. ಜಾಹೀರಾತಿನಲ್ಲಿದ್ದದ್ದು ಅದರದೇ ಲಾಂಛನ, ಅದರದೇ ವಿಳಾಸ. ಒತ್ತಿದರೆ ತೆರೆದುಕೊಳ್ಳುತ್ತಿದ್ದದ್ದು ಮಾತ್ರ ಬೇರೆ ತಾಣ. ಅದರ ವಿಳಾಸದ ಮೊದಲ ಅಕ್ಷರ ಇಂಗ್ಲಿಷಿನ ‘ಕೆ’ ಅಲ್ಲ; ಲಾಟ್ವಿಯನ್ ಭಾಷೆಯಲ್ಲಿ ಬಳಸುವ, ಅಡಿಯಲ್ಲಿ ಪುಟ್ಟ ಗುರುತಿರುವ ಇನ್ನೊಂದು ‘ಕೆ’. ಪರದೆಗೆ ಅಂಟಿದ ಧೂಳೆಂದು ಬೆರಳಲ್ಲಿ ಒರೆಸಬಹುದಾದಷ್ಟು ಸಣ್ಣದು ಆ ಗುರುತು. ತಾಣಕ್ಕೆ ಸಿಂಧುವಾದ ಭದ್ರತಾ ಪ್ರಮಾಣಪತ್ರವಿತ್ತು. ಇಳಿಸಿಕೊಂಡ ಫೈಲಿಗೆ ಡಿಜಿಟಲ್ ಸಹಿಯೂ ಇತ್ತು. ಒಳಗಿದ್ದದ್ದು ಫೇಕ್‌ಬ್ಯಾಟ್ ಎಂಬ ಕುತಂತ್ರಾಂಶ. ಇತರ ಕುತಂತ್ರಾಂಶಗಳನ್ನು ಒಳಗೆ ಕರೆತರುವುದು ಅದರ ಕೆಲಸ.

ವಿಳಾಸ ನೋಡಿ, ಬೀಗದ ಗುರುತು ನೋಡಿ, ಸಹಿ ನೋಡಿ ಎಂದು ಕಚೇರಿಗಳಲ್ಲಿ ನೌಕರರಿಗೆ ಹೇಳಿಕೊಡುತ್ತಾರೆ. ಮೂರನ್ನೂ ನೋಡಿದವರೂ ಇಲ್ಲಿ ಮೋಸಹೋಗಬಹುದಿತ್ತು. ಕಾರಣ ಸರಳ. ನಾವು ನೋಡುವುದು ಆಕಾರವನ್ನು, ಕಂಪ್ಯೂಟರ್ ಓದುವುದು ಸಂಖ್ಯೆಯನ್ನು. ಕನ್ನಡದ ‘ರ’ ಮತ್ತು ತೆಲುಗಿನ ‘ರ’ ಅಕ್ಕಪಕ್ಕ ಇಟ್ಟರೂ ಬೇರೆ ಎಂದು ಹೇಳುವುದು ಕಷ್ಟ. ಯುನಿಕೋಡ್‌ನಲ್ಲಿ ಮೊದಲನೆಯದು 3248, ಎರಡನೆಯದು 3120. ಕಂಪ್ಯೂಟರಿಗೆ ಅವು ಎರಡು ಊರುಗಳ ಎರಡು ಮನೆಗಳು. ಬೀಗದ ಗುರುತು ಹೇಳುವುದು ಇಷ್ಟೇ: ಈ ತಾಣದೊಡನೆ ನೀವಾಡುವ ಮಾತು ದಾರಿಯಲ್ಲಿ ಯಾರಿಗೂ ಕೇಳಿಸದು. ಆ ತಾಣ ಕಳ್ಳನದೇ ಆಗಿದ್ದರೆ ಕಳ್ಳನೊಡನೆ ಗುಟ್ಟಾಗಿ ಮಾತಾಡಿದಂತಾಯಿತು. ಜನ ಈ ಗುರುತನ್ನು ತಪ್ಪಾಗಿ ಅರ್ಥಮಾಡಿಕೊಳ್ಳುತ್ತಾರೆಂದೇ 2023ರಲ್ಲಿ ಕ್ರೋಮ್ ಬ್ರೌಸರ್ ಅದನ್ನು ಕೈಬಿಟ್ಟಿತು. ಸಹಿಯೂ ಅಷ್ಟೇ. ಸಹಿ ಹಾಕಿದವರು ಯಾರೆಂದು ಅದು ಹೇಳುತ್ತದೆ, ಅವರು ನೀವು ಹುಡುಕುತ್ತಿದ್ದವರೇ ಎಂದು ಹೇಳುವುದಿಲ್ಲ.

ಹಾಗಾಗಿ ನೌಕರರ ಕಣ್ಣನ್ನು ನಂಬಿ ವ್ಯವಹಾರವನ್ನು ಕಾಯುವುದು ತಪ್ಪು ಲೆಕ್ಕಾಚಾರ, ತಪ್ಪಾದಾಗ ಅವರನ್ನೇ ದೂರುವುದು ಅನ್ಯಾಯ ಎಂದೇ ನನ್ನ ವಾದ. ತಿಂಗಳ ಕೊನೆಯ ಧಾವಂತದಲ್ಲಿ ಪಿಡಿಎಫ್ ತೆರೆಯಲು ಒಂದು ತಂತ್ರಾಂಶ ಬೇಕಾದವರು ಅಕ್ಷರದ ಬಾಲ ಹುಡುಕುತ್ತಾ ಕೂರಲಾರರು. ಹುಡುಕುವ ಪ್ರಮೇಯವೇ ಅವರಿಗೆ ಬರಬಾರದು. ಕಚೇರಿಗೆ ಬೇಕಾದ ತಂತ್ರಾಂಶಗಳ ಪಟ್ಟಿಯನ್ನು ಒಬ್ಬರು ಬಿಡುವಾಗಿದ್ದಾಗ ಮಾಡಿ, ಮೂಲ ತಯಾರಕರಿಂದ ಇಳಿಸಿ, ಸಹಿಯಲ್ಲಿರುವ ಹೆಸರನ್ನು ತಾಳೆ ನೋಡಿ ಒಂದೆಡೆ ಇಡಬೇಕು. ಉಳಿದವರು ಅಲ್ಲಿಂದಷ್ಟೇ ತೆಗೆದುಕೊಳ್ಳಬೇಕು. ಜಾಹೀರಾತು ತಡೆಯುವ ಸಾಧನವನ್ನು ಬ್ರೌಸರ್‌ಗೆ ಸೇರಿಸಿಕೊಳ್ಳುವುದೂ ಒಳ್ಳೆಯದು. ಅಮೆರಿಕದ ಎಫ್‌ಬಿಐ 2022ರ ಡಿಸೆಂಬರ್‌ನಲ್ಲೇ ಇದನ್ನು ಹೇಳಿತ್ತು.

ಮೂಲ ತಯಾರಕರ ತಾಣವೇ ಕೆಟ್ಟರೆ? ಈ ಪ್ರಶ್ನೆ ಬಲವಾದದ್ದು. 2017ರಲ್ಲಿ ಸಿಕ್ಲೀನರ್ ಎಂಬ ತಂತ್ರಾಂಶದ ಅಧಿಕೃತ ಪ್ರತಿಯಲ್ಲೇ ಕುತಂತ್ರಾಂಶ ಸೇರಿತ್ತು. ಅಸಲಿ ಸಹಿಯೊಂದಿಗೆ ಸುಮಾರು ಒಂದು ತಿಂಗಳು ಹಂಚಿಕೆಯಾಗಿ 22.7 ಲಕ್ಷ ಬಳಕೆದಾರರನ್ನು ತಲುಪಿತ್ತು. ಆದರೆ ಅದೇ ಪ್ರಕರಣದ ಇನ್ನೊಂದು ವಿವರ ಗಮನಿಸಿ. ಆ ಕುತಂತ್ರಾಂಶ ಮೊದಲು ನೋಡುತ್ತಿದ್ದದ್ದು ತನಗೆ ಅಡ್ಮಿನ್ ಅಧಿಕಾರವಿದೆಯೇ ಎಂದು. ಇಲ್ಲದಿದ್ದರೆ ತಾನಾಗಿಯೇ ನಿಂತುಬಿಡುತ್ತಿತ್ತು. ದಿನನಿತ್ಯದ ಕೆಲಸಕ್ಕೆ ಅಡ್ಮಿನ್ ಖಾತೆ ಬಳಸಬೇಡಿ ಎಂಬ ಹಳೆಯ ಮಾತಿನ ಬೆಲೆ ಇಲ್ಲಿದೆ. ಅದೊಂದೇ ಸಾಲದು, ನಿಜ. ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್ ಕದಿಯಲು ಅಡ್ಮಿನ್ ಅಧಿಕಾರ ಬೇಕಿಲ್ಲ. ಬಳಕೆದಾರರ ಖಾತೆಯೇ ಸಾಕು. ಅದಕ್ಕೇ ಪಟ್ಟಿಯಲ್ಲಿಲ್ಲದ ಯಾವ ತಂತ್ರಾಂಶವೂ ಓಡದಂತೆ ತಡೆಯುವ ವಿಂಡೋಸ್‌ನ ಆ್ಯಪ್‌ಲಾಕರ್‌ನಂಥ ಸೌಲಭ್ಯ ಬೇಕಾಗುತ್ತದೆ.

ಐದು ಕಂಪ್ಯೂಟರ್‌ಗಳ ಲೆಕ್ಕಪತ್ರದ ಕಚೇರಿಗೆ ಇದೆಲ್ಲ ಭಾರವಲ್ಲವೇ ಎನ್ನಬಹುದು. ಅಂಥ ಕಚೇರಿ ಬಳಸುವ ತಂತ್ರಾಂಶಗಳೇ ಹತ್ತಿಪ್ಪತ್ತು. ಪಟ್ಟಿ ಒಂದು ಹಾಳೆಯಲ್ಲಿ ಮುಗಿಯುತ್ತದೆ. ಹೊಸದೊಂದು ಬೇಕಾದಾಗ ಅರ್ಧ ದಿನ ಕಾಯಬೇಕಾದೀತು. ಆ ಕಿರಿಕಿರಿ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅಲ್ಲಿರುವುದು ನೂರಾರು ಗ್ರಾಹಕರ ಪ್ಯಾನ್ ಸಂಖ್ಯೆ, ಬ್ಯಾಂಕ್ ವಿವರ, ಜಿಎಸ್‌ಟಿ ಪಾಸ್‌ವರ್ಡ್. ಅವುಗಳನ್ನು ನಂಬಿ ಕೊಟ್ಟವರಾರೂ ಆ ಡೌನ್‌ಲೋಡ್ ಗುಂಡಿಯನ್ನು ಒತ್ತಿದವರಲ್ಲ.