ರೆಬೆಕಾ ಹೋರ್ನ್: ದೇಹ, ಯಂತ್ರ ಮತ್ತು ನೆಲದ ನೆನಪು

ಕಲಾಕೃತಿ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಗೋಡೆಯ ಮೇಲಿನ ಚಿತ್ರ, ಇಲ್ಲವೆ ಪೀಠದ ಮೇಲೆ ನಿಂತ ವಿಗ್ರಹ. ಈ ಎರಡಕ್ಕೂ ಸೇರದ ಒಂದು ಕಲಾಮಾರ್ಗವು ಅರ್ಧ ಶತಮಾನಕ್ಕೂ ಮಿಕ್ಕ ಕಾಲದಿಂದ ಯುರೋಪಿನಲ್ಲಿ ಬೆಳೆದುಬಂದಿದೆ. ಬಟ್ಟೆ, ಗರಿ, ಮೋಟಾರು, ನೀರು, ಬೆಳಕು, ಸದ್ದು, ಚಲನಚಿತ್ರ, ಕೊನೆಗೆ ಮನುಷ್ಯನ ಮೈ ಕೂಡ ಅಲ್ಲಿ ಸಾಮಗ್ರಿಯೇ. ಬಹುಮಾಧ್ಯಮ ಕಲೆಯೆಂದು ಇದಕ್ಕೆ ಹೆಸರು. ಇದು ಬರಿಯ ಚಮತ್ಕಾರವೆಂದು ತಳ್ಳಿಹಾಕುವವರು ನಮ್ಮಲ್ಲಿ ಬಹುಮಂದಿ. ನಾನೂ ಬಹುಕಾಲ ಹಾಗೆಯೇ ಎಣಿಸಿದ್ದೆ. ಜರ್ಮನಿಯ ರೆಬೆಕಾ ಹೋರ್ನ್ ಅವರ ಜೀವನವನ್ನೂ ಕೃತಿಗಳನ್ನೂ ಜೊತೆಗಿಟ್ಟು ನೋಡಿದ ಮೇಲೆ ಆ ಅಭಿಪ್ರಾಯವನ್ನು ಬಿಡಬೇಕಾಯಿತು.

ಹೋರ್ನ್ ಅವರು 1944ರ ಮಾರ್ಚ್ 24ರಂದು ಮಿಖೆಲ್‌ಸ್ಟಾಟ್ ಎಂಬ ಊರಿನಲ್ಲಿ ಜನಿಸಿದರು. ಯುದ್ಧ ಮುಗಿದ ಮೇಲಿನ ದಿನಗಳಲ್ಲಿ ಹೊರನಾಡುಗಳಲ್ಲಿ ಜರ್ಮನ್ ಮಾತನಾಡುವುದೇ ಅಪರಾಧವೆಂಬಂತಿತ್ತು. ಹುಡುಗಿ ಫ್ರೆಂಚ್, ಇಂಗ್ಲಿಷ್ ಕಲಿಯಬೇಕಾಯಿತು. ಮನೆಯಲ್ಲಿ ಮಗುವನ್ನು ನೋಡಿಕೊಳ್ಳುತ್ತಿದ್ದ ರುಮೇನಿಯದ ಹೆಂಗಸೊಬ್ಬಳು ಆಕೆಗೆ ಚಿತ್ರ ಬರೆಯುವುದನ್ನು ಹೇಳಿಕೊಟ್ಟಳು. ಚಿತ್ರವನ್ನು ಯಾವ ಭಾಷೆಯಲ್ಲಿಯೂ ಬರೆಯಬೇಕಾಗಿಲ್ಲವೆಂಬ ನೆಮ್ಮದಿ ತಮಗೆ ಆಗ ದೊರೆಯಿತೆಂದು ಹೋರ್ನ್ ಮುಂದೆ ಹೇಳಿದ್ದುಂಟು. ಮನೆಯ ಮಾತೊಂದು, ಹೊರಗಿನ ಮಾತೊಂದು ಆಗಿರುವ ಮಕ್ಕಳಿಗೆ ಪಾಠ ಹೇಳುವ ನಮಗೆ ಈ ಮಾತು ಬೇಗ ಅರ್ಥವಾಗುತ್ತದೆ.

1960ರ ದಶಕದಲ್ಲಿ ಹ್ಯಾಂಬರ್ಗ್ ನಗರದ ಕಲಾಶಾಲೆಯನ್ನು ಸೇರಿದರು. ಆ ಕಾಲದ ಶಿಲ್ಪಿಗಳಿಗೆ ಗಾಜಿನ ನಾರು ಹಾಗೂ ಪಾಲಿಯೆಸ್ಟರ್ ಅಂಟು ಹೊಸ ಸಾಮಗ್ರಿಗಳು. ಅದರಿಂದ ಅಪಾಯವುಂಟೆಂದು ಯಾರೂ ಹೇಳಲಿಲ್ಲ; ಮೂಗಿಗೆ ಬಟ್ಟೆ ಕೂಡ ಕಟ್ಟದೆ ಕೆಲಸ ಮಾಡಿ, ಇಪ್ಪತ್ತರ ಹರೆಯದಲ್ಲಿಯೇ ಶ್ವಾಸಕೋಶಕ್ಕೆ ವಿಷವೇರಿತು. ಒಂದು ವರ್ಷ ಆರೋಗ್ಯಧಾಮದ ಹಾಸಿಗೆ. ಅದೇ ಅವಧಿಯಲ್ಲಿ ತಂದೆತಾಯಿಗಳೂ ತೀರಿಕೊಂಡರು. ಕಲ್ಲು ಕೆತ್ತುವ ಶಕ್ತಿಯಿಲ್ಲ, ಮುಟ್ಟಲು ಬಳಿಯಲ್ಲಿ ಯಾರೂ ಇಲ್ಲ. ಮಲಗಿದಲ್ಲಿಂದಲೇ ಬಣ್ಣದ ಪೆನ್ಸಿಲಿನಿಂದ ಚಿತ್ರ ಬರೆದರು. ಬಟ್ಟೆಯ ಪಟ್ಟಿಗಳನ್ನು ಹೊಲಿದು ಮೈಗೆ ಕಟ್ಟಿಕೊಳ್ಳುವಂಥ ಆಕೃತಿಗಳನ್ನು ಕಲ್ಪಿಸಿದರು. ಮುಂದಿನದೆಲ್ಲದರ ಬೀಜ ಇಲ್ಲಿದೆ.

'ಐನ್‌ಹೋರ್ನ್' ಎಂಬ ಕೃತಿ 1970ರಿಂದ 72ರ ನಡುವಿನದು. ಜರ್ಮನ್ ಭಾಷೆಯಲ್ಲಿ 'ಹೋರ್ನ್' ಎಂದರೆ ಕೊಂಬು; 'ಐನ್‌ಹೋರ್ನ್' ಎಂದರೆ ಕಥೆಗಳಲ್ಲಿ ಬರುವ ಒಂಟಿಕೊಂಬಿನ ಮೃಗ. ಕಲಾವಿದೆಯ ಹೆಸರೇ ಅದರಲ್ಲಿ ಅಡಗಿದೆ. ಸಹಪಾಠಿಯಾಗಿದ್ದ ತರುಣಿಯೊಬ್ಬಳ ಮೈಗೆ ಬಿಳಿಯ ಪಟ್ಟಿಗಳನ್ನು ಬಿಗಿದು, ತಲೆಯ ಮೇಲೆ ಎತ್ತರವಾದ ಕೊಂಬನ್ನು ನಿಲ್ಲಿಸಿ, ಮುಂಜಾನೆಯಲ್ಲಿ ಪೈರಿನ ಹೊಲದ ನಡುವೆ ನಡೆಸಿದರು. ಕೊಂಬು ಬೀಳದಂತೆ ನಡೆಯಬೇಕಾದ್ದರಿಂದ ನಡಿಗೆಯ ರೀತಿಯೇ ಬದಲಾಯಿತು. ಆಸ್ಪತ್ರೆಯ ಕಟ್ಟುಪಟ್ಟಿ ಇಲ್ಲಿ ರಾಜಗಾಂಭೀರ್ಯವನ್ನು ತಾಳಿದೆಯೆನ್ನಬಹುದು. 1972ರ 'ಬೆರಳ ಕೈಗವಸು' ಇನ್ನೂ ಸರಳವಾದುದು: ಹಗುರವಾದ ಮರದಿಂದ ಮಾಡಿದ ಬಹು ನೀಳವಾದ ಬೆರಳುಗಳು. ಅವನ್ನು ತೊಟ್ಟವನು ದೂರದಲ್ಲಿರುವುದನ್ನು ಮುಟ್ಟಬಲ್ಲ. ಆದರೆ ಆ ದೂರ ಅಳಿಯುವುದಿಲ್ಲ. ರೋಗಿಯೊಬ್ಬಳ ಏಕಾಂತವನ್ನು ಇದಕ್ಕಿಂತ ಕಡಮೆ ಮಾತಿನಲ್ಲಿ ಹೇಳಲು ಸಾಧ್ಯವೇ? ಅದೇ ವರ್ಷದ 'ಪೆನ್ಸಿಲ್ ಮುಖವಾಡ'ದಲ್ಲಿ ಮುಖಕ್ಕೆ ಕಟ್ಟಿದ ಪಟ್ಟಿಗಳಿಂದ ಪೆನ್ಸಿಲುಗಳು ಮುಳ್ಳಿನಂತೆ ಹೊರಚಾಚಿವೆ. ಗೋಡೆಯ ಮುಂದೆ ಮುಖವನ್ನು ಅತ್ತಿತ್ತ ಆಡಿಸಿದರೆ ಗೆರೆಗಳು ಮೂಡುತ್ತವೆ.

ಕಾಸೆಲ್ ನಗರದಲ್ಲಿ ಕೆಲವು ವರ್ಷಗಳಿಗೊಮ್ಮೆ ನಡೆಯುವ 'ಡಾಕ್ಯುಮೆಂಟಾ' ಮಹಾಪ್ರದರ್ಶನಕ್ಕೆ 1972ರಲ್ಲಿ ಹರಾಲ್ಡ್ ಜೀಮನ್ ಅವರು ಈಕೆಯನ್ನು ಆರಿಸಿಕೊಂಡರು. ಅಲ್ಲಿಂದ ಹೆಸರು ಹಬ್ಬಿತು. ಬಳಿಕ ಹಲವು ವರ್ಷ ನ್ಯೂಯಾರ್ಕಿನ ವಾಸ. 'ಡೆರ್ ಐನ್‌ಟೆಂಟ್ಸರ್' (1978) ಮೊದಲಾದ ಚಲನಚಿತ್ರಗಳು. ಇಲ್ಲಿ ಒಂದು ತಿರುವು ಕಾಣುತ್ತದೆ. ಮನುಷ್ಯದೇಹ ಮೆಲ್ಲನೆ ಹಿಂದೆ ಸರಿದು ಅದರ ಚಲನೆಯನ್ನು ಯಂತ್ರಗಳು ವಹಿಸಿಕೊಂಡುವು. ಲೋಹದ ಕಡ್ಡಿಗಳ ನವಿಲೊಂದು ತನ್ನಷ್ಟಕ್ಕೆ ಕುಣಿಯುವಂತೆ ಗರಿ ಬಿಚ್ಚಿತು. 1990ರಲ್ಲಿ ದೊಡ್ಡದೊಂದು ಪಿಯಾನೋವನ್ನು ಚಾವಣಿಯಿಂದ ತಲೆಕೆಳಗಾಗಿ ತೂಗುಬಿಟ್ಟರು. ಆಗಾಗ ಅದರ ಕೀಲಿಗಳು ಕರ್ಕಶಧ್ವನಿಯೊಡನೆ ಹೊರಕ್ಕೆ ಚಿಮ್ಮುತ್ತವೆ, ಮತ್ತೆ ನಿಧಾನವಾಗಿ ಒಳಸೇರುತ್ತವೆ. ನೋಡುವವರಿಗೆ ನಗುವೂ ಬರುತ್ತದೆ, ಅಂಜಿಕೆಯೂ ಆಗುತ್ತದೆ.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಹಿರಿದಾದುದು 1987ರಲ್ಲಿ ಮ್ಯೂನ್‌ಸ್ಟರ್ ನಗರದಲ್ಲಿ ರಚಿಸಿದ 'ಹಿಮ್ಮುಖ ಸಂಗೀತಗೋಷ್ಠಿ'. ಅಲ್ಲಿಯ ಹಳೆಯ ಕೋಟೆಯ ಬುರುಜೊಂದು ಮುಂದೆ ಸೆರೆಮನೆಯಾಗಿತ್ತು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ನಾಜಿಗಳ ಗುಪ್ತ ಪೊಲೀಸರು ಸೆರೆಯಾಳುಗಳನ್ನು ಅಲ್ಲಿ ಕೊಂದರು. ಆಮೇಲೆ ಊರು ಆ ಕಟ್ಟಡವನ್ನು ಮರೆಯಿತು. ಅದರೊಳಗೆ ಗಿಡಮರ ಬೆಳೆದುವು. ಹೋರ್ನ್ ಅಲ್ಲಿ ಸ್ಮಾರಕಶಿಲೆಯನ್ನು ನಿಲ್ಲಿಸಲಿಲ್ಲ. ಗೋಡೆಗಳಿಗೆ ಪುಟ್ಟ ಸುತ್ತಿಗೆಗಳನ್ನು ಜೋಡಿಸಿದರು. ಒಂದರ ತಾಳ ಇನ್ನೊಂದಕ್ಕಿಲ್ಲದಂತೆ ಅವು ಕಲ್ಲನ್ನು ತಟ್ಟುತ್ತವೆ. ಮೇಲಿನ ಆಲಿಕೆಯಿಂದ ಕೆಳಗಿನ ನೀರಿಗೆ ಹನಿಯೊಂದು ಬಿಟ್ಟುಬಿಟ್ಟು ಬೀಳುತ್ತದೆ. ಒಳಹೊಕ್ಕವನಿಗೆ ಪಕ್ಕದ ಕೋಣೆಯ ಸೆರೆಯಾಳು ಗೋಡೆ ತಟ್ಟಿ ಕರೆಯುತ್ತಿರುವಂತೆ ಅನಿಸದಿರದು. ದೂರದವನನ್ನು ಮುಟ್ಟಬಯಸುವ ಆ ನೀಳ ಬೆರಳೇ ಇಲ್ಲಿ ಸುತ್ತಿಗೆಯಾಗಿದೆ. 1997ರಿಂದ ಈ ಕೃತಿ ಆ ಊರಿನ ಶಾಶ್ವತ ಸೊತ್ತು. 1999ರಲ್ಲಿ ವೈಮಾರಿನ ಹಳೆಯ ಟ್ರಾಮ್ ಶೆಡ್ಡಿನಲ್ಲಿ ಗಾಜಿನ ಹಿಂದೆ ಬೂದಿಯ ಪದರಗಳನ್ನು ತುಂಬಿ ರಚಿಸಿದ 'ಬೂಖೆನ್‌ವಾಲ್ಡ್ ಸಂಗೀತಗೋಷ್ಠಿ'ಯೂ ಇದೇ ಸಾಲಿನದು.

1989ರಿಂದ ಸುಮಾರು 15 ವರ್ಷ ಬರ್ಲಿನ್ನಿನ ಕಲಾವಿದ್ಯಾಲಯದಲ್ಲಿ ಅಧ್ಯಾಪಕಿಯಾಗಿದ್ದರು. 2010ರಲ್ಲಿ ಜಪಾನಿನ 'ಪ್ರೀಮಿಯಂ ಇಂಪೀರಿಯಾಲೆ' ಪುರಸ್ಕಾರ ಬಂದಿತು. 2012ರಲ್ಲಿ ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿ ಅವರ ಕೃತಿಗಳ ಪ್ರದರ್ಶನವಾಯಿತು. ಬಾಡ್ ಕ್ಯೋನಿಗ್ ಎಂಬಲ್ಲಿ ತಮ್ಮ ಮನೆತನದ ಹಳೆಯ ಬಟ್ಟೆ ಕಾರ್ಖಾನೆಯ ಆವರಣವನ್ನು ಕಾರ್ಯಾಗಾರವಾಗಿಯೂ ವಸ್ತುಸಂಗ್ರಹಾಲಯವಾಗಿಯೂ ಮಾರ್ಪಡಿಸಿಕೊಂಡರು. 2015ರಲ್ಲಿ ಪಾರ್ಶ್ವವಾಯು ತಗುಲಿತು. 2024ರ ಸೆಪ್ಟೆಂಬರ್ 6ರಂದು, 80ನೆಯ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡರು. ಮ್ಯೂನಿಕ್ ನಗರದ ಹೌಸ್ ಡೆರ್ ಕುನ್‌ಸ್ಟ್ ಭವನದಲ್ಲಿ ಅವರ ಕೃತಿಗಳ ದೊಡ್ಡದೊಂದು ಪ್ರದರ್ಶನವು ಆಗಿನ್ನೂ ನಡೆಯುತ್ತಿತ್ತು.