ನಿಮಗಿದು ಗೊತ್ತೆ? ಮೇನೋ ಕ್ರಾಸೋ, ಸ್ಟೇಜೋ ಫೇಸೋ!

ಬೆಂಗಳೂರಿನ ಕುಮಾರಸ್ವಾಮಿ ಲೇಔಟ್‌ನಲ್ಲಿ ಮನೆ ಹುಡುಕುವವರು ಈ ಇಂಗ್ಲಿಷ್ ಪದಗಳನ್ನು ಅದಲು ಬದಲು ಮಾಡಿಕೊಂಡರೆ ಸುತ್ತಾಟ ಖಚಿತ.

● ಮೇನ್, ಕ್ರಾಸ್: ಅಮೆರಿಕದ ಊರುಗಳಲ್ಲಿ ಮೇನ್ ಸ್ಟ್ರೀಟ್ ಎಂದರೆ ಸಾಮಾನ್ಯವಾಗಿ ಪೇಟೆಯ ಒಂದೇ ಮುಖ್ಯ ಬೀದಿ. ಬೆಂಗಳೂರಿನಲ್ಲಿ ಒಂದೊಂದು ಬಡಾವಣೆಗೂ ಹತ್ತಾರು ಮೇನ್‌ಗಳು. ಅವನ್ನು ಅಡ್ಡಹಾಯುವ ರಸ್ತೆಯೇ ಕ್ರಾಸ್. ಮೇನ್ ಎಂದ ಮಾತ್ರಕ್ಕೆ ಅದು ಅಗಲವಾಗಿರಬೇಕೆಂದೇನಿಲ್ಲ.

● ಸ್ಟೇಜ್, ಫೇಸ್, ಬ್ಲಾಕ್: ಮೂರೂ ಬಡಾವಣೆಯ ಭಾಗಗಳೇ. ಕುಮಾರಸ್ವಾಮಿ ಲೇಔಟ್, ಬಿಟಿಎಂ ಲೇಔಟ್‌ಗೆ ಸ್ಟೇಜ್, ಜೆ.ಪಿ. ನಗರಕ್ಕೆ ಫೇಸ್, ಜಯನಗರಕ್ಕೆ ಬ್ಲಾಕ್. ಬನಶಂಕರಿ 3ನೇ ಸ್ಟೇಜ್‌ನ ವಿಳಾಸಗಳಲ್ಲಂತೂ ಈ ಮೂರೂ ಒಟ್ಟಿಗೇ ಬರುವುದುಂಟು!

● ಎಕ್ಸ್‌ಟೆನ್ಷನ್, ಲೇಔಟ್: ಕನ್ನಡದಲ್ಲಿ ಎರಡೂ ಬಡಾವಣೆಯೇ. ಹಳೆಯ ಊರಿಗೆ ಸೇರಿಸಿ ಬೆಳೆಸಿದ್ದು ಎಕ್ಸ್‌ಟೆನ್ಷನ್. 1898ರ ಪ್ಲೇಗ್ ಬಳಿಕ ಬೆಳೆದ ಬಸವನಗುಡಿ, ಮಲ್ಲೇಶ್ವರ ಇದಕ್ಕೆ ಉದಾಹರಣೆ. ಖಾಲಿ ನೆಲದಲ್ಲಿ ರಸ್ತೆ, ನಿವೇಶನ ಗುರುತಿಸಿ ರೂಪಿಸಿದ್ದು ಲೇಔಟ್. ಇಂಗ್ಲೆಂಡಿನವರು ಇಂಥದ್ದನ್ನು ಹೌಸಿಂಗ್ ಎಸ್ಟೇಟ್ ಎನ್ನುತ್ತಾರೆ, ಅಮೆರಿಕದವರು ಸಬ್‌ಡಿವಿಷನ್.

● ನೆನಪಿಡಿ: ಕ್ರಾಸ್, ಮೇನ್ ಸಂಖ್ಯೆಗಳು ಬಡಾವಣೆಯಿಂದ ಬಡಾವಣೆಗೆ ಮರುಕಳಿಸುತ್ತವೆ. ಆಟೊದವರಿಗೆ ‘10ನೇ ಕ್ರಾಸ್’ ಎಂದಷ್ಟೇ ಹೇಳಿದರೆ ಸಾಲದು. ಮೊದಲು ಬಡಾವಣೆ, ಆಮೇಲೆ ಸ್ಟೇಜ್, ನಂತರ ಮೇನ್, ಕೊನೆಗೆ ಕ್ರಾಸ್ ಹೇಳಿ. ಜೊತೆಗೊಂದು ದೇವಸ್ಥಾನವನ್ನೋ ಬಸ್ ಸ್ಟಾಪನ್ನೋ ಸೇರಿಸಿದರೆ ಇನ್ನೂ ಸಲೀಸು.