ಪಾವತಿಯಾಗದ ಆದೇಶ, ಒಟ್ಟು ಪಾರ್ಸೆಲ್ಲಿನ ತಕರಾರು: ಆನ್‌ಲೈನ್ ಮಾರಾಟಗಾರರು ಗಮನಿಸಬೇಕಾದ ಅಂಶಗಳು

ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಖರೀದಿದಾರನು ಗೂಡನ್ನು ಕಣ್ಣಾರೆ ಕಂಡು, ಹರಾಜಿನಲ್ಲಿ ದರ ನಮೂದಿಸಿ, ತೂಕವನ್ನು ಎದುರಿನಲ್ಲಿಯೇ ನೋಡುತ್ತಾನೆ. ಕೊಡುವವನೂ ಕೊಳ್ಳುವವನೂ ಒಂದೇ ಸೂರಿನಡಿ ಇರುತ್ತಾರೆ. ಆನ್‌ಲೈನ್ ವ್ಯಾಪಾರದಲ್ಲಿ ಈ ಅನುಕೂಲವಿಲ್ಲ. ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆಯಾಗಲಿ, ಕನಕಪುರ ಅಥವಾ ಮಾಗಡಿಯ ಸಣ್ಣ ಘಟಕವೊಂದರ ಉತ್ಪನ್ನವಾಗಲಿ, ಅದನ್ನು ಕೊಳ್ಳುವವರು ಮುಖ ಕಾಣದ ಗ್ರಾಹಕರು. ಆದ್ದರಿಂದಲೇ ಹಣ ಬಾರದ ಆದೇಶಗಳು ಹಾಗೂ ಹಲವು ಸರಕುಗಳನ್ನು ಒಂದೇ ಪಾರ್ಸೆಲ್ಲಿನಲ್ಲಿ ಕಳುಹಿಸುವಾಗ ಏಳುವ ತಕರಾರುಗಳು ಸಣ್ಣ ಮಾರಾಟಗಾರರಿಗೆ ತಲೆನೋವಾಗಿವೆ. ನಾಲ್ಕಾರು ಮಂದಿ ದುಡಿಯುವ ಘಟಕದಲ್ಲಿ ಒಂದು ದೊಡ್ಡ ಆದೇಶದ ಹಣ ನಿಂತರೆ, ಆ ವಾರದ ಕೂಲಿಯೂ ಮರದ ಖರೀದಿಯೂ ನಿಲ್ಲುತ್ತವೆ. ಈ ಹಿನ್ನೆಲೆಯಲ್ಲಿ ಕಾನೂನು ಒದಗಿಸಿರುವ ರಕ್ಷಣೆ ಹಾಗೂ ಅನುಸರಿಸಬೇಕಾದ ಕ್ರಮಗಳನ್ನು ಇಲ್ಲಿ ವಿವರಿಸಲಾಗಿದೆ.

1. ಆದೇಶ ಬಂದಿದೆ, ಹಣ ಬಂದಿಲ್ಲ

ವಿದ್ಯುನ್ಮಾನ ಸಂದೇಶಗಳ ಮೂಲಕ ಏರ್ಪಟ್ಟ ಒಪ್ಪಂದವು ಕೇವಲ ಆ ಕಾರಣಕ್ಕಾಗಿ ಅಸಿಂಧುವಾಗುವುದಿಲ್ಲವೆಂದು ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 10ಎ ಪ್ರಕರಣವು ಹೇಳುತ್ತದೆ. ಹೀಗಾಗಿ ಆದೇಶ ಬಂದೊಡನೆ ‘ಆದೇಶ ಸ್ವೀಕರಿಸಲಾಗಿದೆ’ ಎಂದು ಕಳುಹಿಸುವ ಚಿಕ್ಕ ಸಂದೇಶವೂ ಮಾರಾಟಗಾರನನ್ನು ಕಟ್ಟಿಹಾಕಬಹುದು. ಅದರ ಬದಲು ‘ಹಣ ನಮ್ಮ ಖಾತೆಗೆ ಜಮೆಯಾದ ನಂತರವೇ ಆದೇಶ ಖಚಿತವಾಗುತ್ತದೆ’ ಎಂದು ಬರೆಯುವುದು ಕ್ಷೇಮ.

ಸರಕುಗಳ ಮಾರಾಟ ಅಧಿನಿಯಮ, 1930ರ 11ನೇ ಪ್ರಕರಣದ ಪ್ರಕಾರ, ಒಪ್ಪಂದದಿಂದ ಬೇರೆ ಉದ್ದೇಶ ಕಂಡುಬರದ ಹೊರತು, ಹಣ ಪಾವತಿಯ ಅವಧಿಯನ್ನು ಒಪ್ಪಂದದ ತಿರುಳೆಂದು ಪರಿಗಣಿಸಲಾಗುವುದಿಲ್ಲ. ಎಂದರೆ, ಗಡುವು ಮೀರಿದ ಮಾತ್ರಕ್ಕೆ ಆದೇಶ ರದ್ದಾಗದು. ‘ನಾಲ್ಕು ದಿನಗಳೊಳಗೆ ಹಣ ಬಾರದಿದ್ದಲ್ಲಿ ಆದೇಶ ರದ್ದು’ ಎಂಬ ಷರತ್ತನ್ನು ಮೊದಲೇ ತಿಳಿಸಿರಬೇಕು. ವಿದೇಶಿ ಗ್ರಾಹಕರಿಗೆ ಇ-ಬೇ ಮೂಲಕ ಮಾರುವವರಿಗೆ ಇದೇ ಬಗೆಯ ನಿಯಮ ಪರಿಚಿತ. ಅಲ್ಲಿ ನಾಲ್ಕು ದಿನ ಕಳೆದರೂ ಹಣ ಬಾರದಿದ್ದರೆ ಮಾರಾಟಗಾರನು ಆದೇಶವನ್ನು ರದ್ದುಪಡಿಸಬಹುದು.

ಯುಪಿಐ ಪಾವತಿಯ ಚಿತ್ರವನ್ನು ಮೊಬೈಲಿಗೆ ಕಳುಹಿಸಿ ‘ಹಣ ಹಾಕಿದ್ದೇನೆ’ ಎನ್ನುವವರ ಬಗ್ಗೆ ಎಚ್ಚರವಿರಲಿ. ಬ್ಯಾಂಕ್ ಖಾತೆಯಲ್ಲಿ ಜಮೆಯಾದದ್ದು ಮಾತ್ರ ಹಣ.

2. ತಡೆಹಿಡಿಯುವ ಮತ್ತು ಮರುಮಾರಾಟದ ಹಕ್ಕು

ಪೂರ್ಣ ಬೆಲೆ ಸಲ್ಲದ ಮಾರಾಟಗಾರನಿಗೆ ಮೇಲೆ ಹೇಳಿದ 1930ರ ಅಧಿನಿಯಮವು ಮೂರು ಹಕ್ಕುಗಳನ್ನು ನೀಡಿದೆ: ಸರಕು ತನ್ನ ವಶದಲ್ಲಿದ್ದರೆ ತಡೆಹಿಡಿಯುವುದು, ಖರೀದಿದಾರನು ಸಾಲ ತೀರಿಸಲಾಗದ ಸ್ಥಿತಿಗೆ ಬಂದಿದ್ದರೆ ಸಾಗಣೆಯ ಮಧ್ಯದಲ್ಲಿ ನಿಲ್ಲಿಸುವುದು, ಮತ್ತು ಮರುಮಾರಾಟ ಮಾಡುವುದು. ಉದ್ರಿಗೆ ಮಾರಿದ್ದರೆ, ಉದ್ರಿಯ ಅವಧಿ ಮುಗಿದ ಮೇಲೆ ಅಥವಾ ಖರೀದಿದಾರನು ದಿವಾಳಿಯಾದಾಗ ಮಾತ್ರ ತಡೆಹಿಡಿಯಬಹುದು.

ಮರುಮಾರಾಟದಲ್ಲಿ ಒಂದು ಸೂಕ್ಷ್ಮವಿದೆ. ಬೇಗ ಕೆಡುವ ವಸ್ತುವಲ್ಲದಿದ್ದರೆ, ಮರುಮಾರಾಟದ ಉದ್ದೇಶವನ್ನು ಖರೀದಿದಾರನಿಗೆ ಮೊದಲು ತಿಳಿಸಬೇಕು. ತಿಳಿಸದೆ ಮಾರಿದರೆ ಆದ ನಷ್ಟವನ್ನು ಅವನಿಂದ ಕೇಳಲಾಗದು. ಲಾಭ ಬಂದರೆ ಅದು ಅವನಿಗೇ ಸಲ್ಲುತ್ತದೆ. ಒಂದು ಇ-ಮೇಲ್ ಈ ತೊಡಕನ್ನು ತಪ್ಪಿಸುತ್ತದೆ. ಆದರೆ ಶಾಲೆಯ ಅಥವಾ ಸಂಸ್ಥೆಯ ಹೆಸರು ಬರೆದ ಗೊಂಬೆಗಳಿಗೆ ಮರುಮಾರಾಟದ ಮಾರುಕಟ್ಟೆಯೇ ಇಲ್ಲ. ಇಂತಹ ಆದೇಶಗಳಲ್ಲಿ ಕನಿಷ್ಠ ಮರ, ಅರಗು ಹಾಗೂ ಕೂಲಿಯ ಮೊತ್ತವನ್ನಾದರೂ ಮುಂಗಡವಾಗಿ ಪಡೆಯದೆ ಕೆಲಸ ಆರಂಭಿಸಬಾರದು.

ಹಿಂದೆ ವಿ.ಪಿ.ಪಿ. ಅಂಚೆಯಲ್ಲಿ ಇದ್ದ ಸಮಸ್ಯೆಯೇ ಇಂದು ಮನೆಬಾಗಿಲಿನ ನಗದು ಪಾವತಿಯಲ್ಲಿಯೂ ಇದೆ. ಗ್ರಾಹಕನು ಪಾರ್ಸೆಲ್ ನಿರಾಕರಿಸಿದರೆ ಹೋಗುವ ಬರುವ ಎರಡೂ ಸಾಗಣೆ ವೆಚ್ಚ ಬಹುತೇಕ ಮಾರಾಟಗಾರನ ಮೇಲೆಯೇ ಬೀಳುತ್ತದೆ. ಇದಕ್ಕೆ ಮೊತ್ತದ ಮಿತಿ ಹಾಕುವುದು, ರವಾನೆಗೆ ಮುನ್ನ ದೂರವಾಣಿಯಲ್ಲಿ ಖಚಿತಪಡಿಸಿಕೊಳ್ಳುವುದು ಹಾಗೂ ಸಾಗಣೆ ವೆಚ್ಚವನ್ನಷ್ಟೇ ಮುಂಗಡವಾಗಿ ಪಡೆಯುವುದು ಸೂಕ್ತ.

3. ಸಗಟು ಉದ್ರಿ ಮತ್ತು 45 ದಿನಗಳ ನಿಯಮ

ಅಂಗಡಿ ಅಥವಾ ಕಂಪನಿಗಳಿಗೆ ಉದ್ರಿಯಲ್ಲಿ ಸರಬರಾಜು ಮಾಡುವ ಸೂಕ್ಷ್ಮ ಮತ್ತು ಸಣ್ಣ ತಯಾರಕರಿಗೆ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಅಧಿನಿಯಮ, 2006 ಪ್ರಬಲ ಅಸ್ತ್ರವಾಗಿದೆ. ಬರಹದಲ್ಲಿ ಒಪ್ಪಂದವಿದ್ದರೂ ಪಾವತಿಯ ಅವಧಿ ಸರಕು ಸ್ವೀಕೃತವಾದ ದಿನದಿಂದ 45 ದಿನಗಳನ್ನು ಮೀರುವಂತಿಲ್ಲ. ಒಪ್ಪಂದವಿಲ್ಲದಿದ್ದರೆ ಅವಧಿ 15 ದಿನ ಮಾತ್ರ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು ಮಾಸಿಕ ಚಕ್ರಬಡ್ಡಿಯಾಗಿ ತೆರಬೇಕು. ಸರಕಿನ ಬಗ್ಗೆ ಆಕ್ಷೇಪವಿದ್ದರೆ ಖರೀದಿದಾರನು ತಲುಪಿದ 15 ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕು. ಆದ್ದರಿಂದ ತಲುಪಿದ ದಿನಾಂಕದ ರಸೀದಿ ಅಥವಾ ಲಾರಿ ಆಫೀಸಿನ ಎಲ್.ಆರ್. ಪ್ರತಿಯನ್ನು ಜೋಪಾನವಾಗಿಡಬೇಕು. ವಿವಾದವನ್ನು ಸೌಲಭ್ಯ ಮಂಡಳಿಯ ಮುಂದೆ ಆನ್‌ಲೈನ್ ಮೂಲಕವೂ ಒಯ್ಯಬಹುದು.

ಇಲ್ಲೊಂದು ಮುಖ್ಯ ಭೇದವಿದೆ. 2021ರಿಂದ ಚಿಲ್ಲರೆ ಮತ್ತು ಸಗಟು ವ್ಯಾಪಾರಸ್ಥರಿಗೂ ಉದ್ಯಮ್ ನೋಂದಣಿ ದೊರೆಯುತ್ತಿದೆಯಾದರೂ ಅದು ಆದ್ಯತಾ ವಲಯದ ಸಾಲಕ್ಕೆ ಸೀಮಿತವಾಗಿದ್ದು, ವಿಳಂಬ ಪಾವತಿಯ ರಕ್ಷಣೆ ಅವರಿಗಿಲ್ಲ. ತಯಾರಕರು ಸರಬರಾಜು ಆರಂಭಿಸುವ ಮೊದಲೇ ನೋಂದಣಿ ಮಾಡಿಸಿಕೊಂಡು, ಆ ಸಂಖ್ಯೆಯನ್ನು ಬಿಲ್ಲಿನ ಮೇಲೆ ಮುದ್ರಿಸುವುದು ಒಳಿತು.

4. ಒಟ್ಟು ಪಾರ್ಸೆಲ್ಲು: ಲೆಕ್ಕ ತಪ್ಪುವುದೆಲ್ಲಿ?

ಮೂರು ಸಾಮಾನು ಕೊಂಡ ಗ್ರಾಹಕನು ಸಾಗಣೆ ವೆಚ್ಚ ಒಂದರಷ್ಟೇ ಆಗಬೇಕೆಂದು ನಿರೀಕ್ಷಿಸುವುದು ಸಹಜ. ಆದರೆ ಕೊರಿಯರ್ ಸಂಸ್ಥೆಗಳು ನಿಜ ತೂಕ ಮತ್ತು ಗಾತ್ರದ ತೂಕ, ಇವೆರಡರಲ್ಲಿ ಹೆಚ್ಚಿನದಕ್ಕೆ ಶುಲ್ಕ ವಿಧಿಸುತ್ತವೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸಿದರೆ ಗಾತ್ರದ ತೂಕ ಕಿಲೋಗ್ರಾಮಿನಲ್ಲಿ ದೊರೆಯುತ್ತದೆ.

ಉದಾಹರಣೆಗೆ, ಮೊದಲ 500 ಗ್ರಾಮಿಗೆ 60 ರೂ., ನಂತರದ ಪ್ರತಿ 500 ಗ್ರಾಮಿಗೆ 40 ರೂ. ದರವಿದೆಯೆಂದು ಭಾವಿಸೋಣ. 20×15×10 ಅಳತೆಯ ಒಂದು ಗೊಂಬೆಯ ಪೆಟ್ಟಿಗೆಯ ಗಾತ್ರದ ತೂಕ 0.6 ಕಿ.ಗ್ರಾಂ.; ವೆಚ್ಚ 100 ರೂ. ಬೇರೆ ಬೇರೆಯಾಗಿ ಕಳುಹಿಸಿದರೆ ಮೂರಕ್ಕೆ 300 ರೂ. ಮೂರನ್ನೂ ಒತ್ತಾಗಿ ಜೋಡಿಸಿ 30×20×15ರ ಪೆಟ್ಟಿಗೆಯಲ್ಲಿಟ್ಟರೆ 1.8 ಕಿ.ಗ್ರಾಂ., ವೆಚ್ಚ 180 ರೂ. ಅದೇ ಮೂರನ್ನು ಸುತ್ತಲೂ ಮೂರು ಸೆಂ.ಮೀ. ಮೆತ್ತೆಯಿಟ್ಟು 36×26×21ರ ಪೆಟ್ಟಿಗೆಗೆ ತುಂಬಿದರೆ 3.93 ಕಿ.ಗ್ರಾಂ., ವೆಚ್ಚ 340 ರೂ. ಒಟ್ಟು ಪಾರ್ಸೆಲ್ಲು ಯಾವಾಗಲೂ ಅಗ್ಗವಲ್ಲವೆಂಬುದು ಇದರಿಂದ ಸ್ಪಷ್ಟ. ಆದ್ದರಿಂದ ರಿಯಾಯಿತಿ ಘೋಷಿಸುವ ಮೊದಲು ಒಂದು, ಎರಡು, ಮೂರು, ಆರು ಸಾಮಾನುಗಳ ಪೆಟ್ಟಿಗೆಗಳನ್ನು ನಿಜವಾಗಿ ಕಟ್ಟಿ ಅಳೆದು, ದರಪಟ್ಟಿ ಸಿದ್ಧಪಡಿಸಬೇಕು.

ಅದರೊಡನೆ ಈ ಷರತ್ತುಗಳನ್ನು ಪ್ರಕಟಿಸಬೇಕು:

ಅ) ಒಟ್ಟಿಗೆ ಕಳುಹಿಸುವ ಕೋರಿಕೆ ಹಣ ಪಾವತಿಗೆ ಮುಂಚೆಯೇ ಬರಬೇಕು.
ಆ) ವಿಳಾಸ ಒಂದೇ ಆಗಿರಬೇಕು, ಇಷ್ಟು ದಿನಗಳೊಳಗಿನ ಆದೇಶಗಳಿಗೆ ಮಾತ್ರ ಅನ್ವಯ.
ಇ) ಒಂದು ಸಾಮಾನು ತಡವಾದರೆ ಉಳಿದವನ್ನು ಮೊದಲು ಕಳುಹಿಸಬೇಕೇ, ಕಾಯಬೇಕೇ ಎಂಬುದಕ್ಕೆ ಗ್ರಾಹಕನ ಲಿಖಿತ ಒಪ್ಪಿಗೆ ಇರಬೇಕು. ಒಪ್ಪಿಗೆಯಿಲ್ಲದೆ ಕಂತುಗಳಲ್ಲಿ ಕಳುಹಿಸಿದ ಸರಕನ್ನು ಸ್ವೀಕರಿಸಲು ಖರೀದಿದಾರನು ಬದ್ಧನಲ್ಲ.
ಈ) ಹೆಚ್ಚು ಪಡೆದ ಸಾಗಣೆ ವೆಚ್ಚವನ್ನು ಎಷ್ಟು ದಿನಗಳಲ್ಲಿ ಮರಳಿಸಲಾಗುವುದೆಂದು ತಿಳಿಸಿರಬೇಕು.

ಗ್ರಾಹಕ ಸಂರಕ್ಷಣೆ (ಇ-ವಾಣಿಜ್ಯ) ನಿಯಮಗಳು, 2020ರಂತೆ, ಮಾರಾಟಗಾರನು ಒಟ್ಟು ಬೆಲೆಯನ್ನು ಒಂದೇ ಮೊತ್ತವಾಗಿಯೂ, ಸಾಗಣೆ, ಅಂಚೆ ಹಾಗೂ ತೆರಿಗೆಯ ವಿವರಗಳೊಡನೆಯೂ ತೋರಿಸಬೇಕು. ಆದೇಶದ ನಂತರ ‘ಸಾಗಣೆ ಹೆಚ್ಚಾಯಿತು’ ಎಂದು ಕೇಳುವುದು ತಕರಾರಿಗೆ ಆಹ್ವಾನವಿತ್ತಂತೆ. ದೋಷಪೂರಿತ ಸರಕನ್ನು ಹಿಂಪಡೆಯಲು ನಿರಾಕರಿಸುವಂತಿಲ್ಲ; ದೂರನ್ನು 48 ಗಂಟೆಗಳಲ್ಲಿ ಸ್ವೀಕರಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು.

5. ತೆರಿಗೆ ಮತ್ತು ದಾಖಲೆ

ಬಿಲ್ಲಿನಲ್ಲಿ ಸೇರಿಸಿದ ಪ್ಯಾಕಿಂಗ್ ಮುಂತಾದ ಆನುಷಂಗಿಕ ವೆಚ್ಚವು ಜಿ.ಎಸ್.ಟಿ. ಕಾಯ್ದೆಯ 15ನೇ ಪ್ರಕರಣದಂತೆ ಸರಬರಾಜಿನ ಮೌಲ್ಯದ ಭಾಗವೇ ಆಗುತ್ತದೆ. ಆದ್ದರಿಂದ ತೆರಿಗೆ ಸೇರಿಸಿ ಪಡೆದ ಸಾಗಣೆ ಹಣವನ್ನು ಮರಳಿಸುವಾಗ ಕ್ರೆಡಿಟ್ ನೋಟ್ ನೀಡಿದರೆ ಮಾತ್ರ ಆ ತೆರಿಗೆಯ ಹೊರೆ ಇಳಿಯುತ್ತದೆ. ಅದನ್ನು ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30 ಅಥವಾ ವಾರ್ಷಿಕ ವಿವರಣೆ ಸಲ್ಲಿಕೆ, ಯಾವುದು ಮೊದಲೋ ಅದರೊಳಗೆ ಲೆಕ್ಕಕ್ಕೆ ತರಬೇಕು.

ಪ್ರತಿ ರವಾನೆಗೂ ಆದೇಶದ ಪ್ರತಿ, ಸಂದೇಶಗಳು, ತೂಕ ಮತ್ತು ಅಳತೆ ಕಾಣುವಂತೆ ತೆಗೆದ ಪೆಟ್ಟಿಗೆಯ ಚಿತ್ರ ಹಾಗೂ ತಲುಪಿದ ರಸೀದಿಯನ್ನು ಒಂದೆಡೆ ಇರಿಸಬೇಕು. ಮಾರಿದ ಸರಕಿನ ಬೆಲೆಗಾಗಿ ದಾವೆ ಹೂಡಲು ಕಾಲಮಿತಿ ಮೂರು ವರ್ಷ. ಅಲ್ಲಿಯವರೆಗಾದರೂ ಈ ಕಡತ ಉಳಿಯಬೇಕು. ಚನ್ನಪಟ್ಟಣದ ಗೊಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ದೂರದ ಊರುಗಳಲ್ಲಿ ಬೇಡಿಕೆಯೂ ಇದೆ. ಆ ಬೇಡಿಕೆ ಕುಶಲಕರ್ಮಿಯ ಕೈಗೆ ಹಣವಾಗಿ ಬರಬೇಕಾದರೆ, ಷರತ್ತು ಮೊದಲು, ಸರಕು ನಂತರ ಎಂಬ ಶಿಸ್ತನ್ನು ಪ್ರತಿಯೊಬ್ಬ ಮಾರಾಟಗಾರನೂ ರೂಢಿಸಿಕೊಳ್ಳುವುದು ಅವಶ್ಯಕ.